ಗುಳೆ ಹೋದ ಜೋಡಿ ಮರಳಿದಾಗ ಆಗುವುದೇನು?

ವಿಜಯಪುರ: ದೀಪಾವಳಿ ಸಮೀಪಿಸುತ್ತಿದ್ದಂತೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಹಳ್ಳಿ ಹಾಗೂ ತಾಂಡಾಗಳಿಂದ ಗುಳೆ ಹೊರಡುವವರ ಸುದ್ದಿ ಪ್ರತಿವರ್ಷ ಬರುತ್ತದೆ. ಬೀಗ ಬಿದ್ದ ಮನೆಗಳು, ಟ್ರ್ಯಾಕ್ಟರ್‌ನಲ್ಲಿ ಗಂಟುಮೂಟೆಗಳ ಮೇಲೆ ಕುಳಿತ ಮಕ್ಕಳು, ಹಿಂದೆ ಉಳಿದ ವೃದ್ಧರು ಓದುಗರಿಗೆ ಪರಿಚಿತ ಚಿತ್ರಗಳೇ. ಆದರೆ ಹೋದವರು ಮರಳಿಯೂ ಬರುತ್ತಾರೆ. ಯುಗಾದಿಯ ಆಸುಪಾಸಿನಲ್ಲಿ ನಡೆಯುವ ಆ ಮರಳುವಿಕೆ ಸುದ್ದಿಯಾಗುವುದು ಅಪರೂಪ.

ಐದಾರು ತಿಂಗಳು, ಕೆಲವೊಮ್ಮೆ ಹತ್ತಾರು ವರ್ಷ ಪರಊರಿನಲ್ಲಿ ದುಡಿದ ದಂಪತಿಗೆ ತಮ್ಮದೇ ಊರಿನಲ್ಲಿ ಮತ್ತೆ ನೆಲೆ ಕಂಡುಕೊಳ್ಳುವುದು ಸುಲಭವಲ್ಲ. ದುಡಿಯುವ ಜಾಗದಲ್ಲಿ ಗಂಡ-ಹೆಂಡತಿಯನ್ನು ಸೇರಿಸಿ ಒಂದೇ ಲೆಕ್ಕವೆಂದು ಪರಿಗಣಿಸಲಾಗುತ್ತದೆ. ಊರಿಗೆ ಬಂದಾಗ ಕೂಲಿ, ಪಡಿತರ, ಆಸ್ತಿ, ಸಾಲ ಎಲ್ಲದರಲ್ಲಿಯೂ ಇಬ್ಬರೂ ಬೇರೆ ಬೇರೆ ವ್ಯಕ್ತಿಗಳಾಗಿ ನಿಲ್ಲಬೇಕಾಗುತ್ತದೆ. ಮರಳಿದವರ ತೊಂದರೆಗಳಲ್ಲಿ ಅನೇಕವು ಇಲ್ಲಿಂದಲೇ ಆರಂಭವಾಗುತ್ತವೆ.

ಇಬ್ಬರು ಸೇರಿ ಒಂದು ಕೊಯ್ತಾ

ಕಬ್ಬು ಕಡಿಯುವ ಕೆಲಸಕ್ಕೆ ದಂಪತಿಯನ್ನೇ ಗೊತ್ತು ಮಾಡಿಕೊಳ್ಳುವ ಪದ್ಧತಿ ಮಹಾರಾಷ್ಟ್ರದ ಸಕ್ಕರೆ ಪ್ರದೇಶದಲ್ಲಿ ಬಹಳ ಹಿಂದಿನಿಂದ ಬಂದಿದೆ. ಕೊಯ್ತಾ ಎಂದರೆ ಕುಡುಗೋಲು. ಗಂಡ-ಹೆಂಡತಿ ಸೇರಿದರೆ ಒಂದು ಕೊಯ್ತಾ, ಒಬ್ಬರೇ ಇದ್ದರೆ ಅರ್ಧ ಕೊಯ್ತಾ. ಗಂಡ ಕಬ್ಬು ಕಡಿದರೆ ಹೆಂಡತಿ ರವದಿ ತೆಗೆದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಲಾರಿಗೆ ಏರಿಸುತ್ತಾಳೆ. ಹಂಗಾಮು ಆರಂಭವಾಗುವ ಮೊದಲೇ ಮುಕಾದಮ ಎಂದು ಕರೆಯಲಾಗುವ ಟೋಳಿ ಮುಖ್ಯಸ್ಥ ಮುಂಗಡ ಕೊಡುತ್ತಾನೆ. ಕೂಲಿಯನ್ನು ಟನ್ನಿನ ಲೆಕ್ಕದಲ್ಲಿ ಕಟ್ಟಲಾಗುತ್ತದೆ. ಒಂದು ದಿನ ಕೆಲಸ ತಪ್ಪಿದರೆ ‘ಖಾಡಾ’ ಎಂಬ ಹೆಸರಿನಲ್ಲಿ ದಂಡ ಬೀಳುತ್ತದೆ.

ಕಟ್ಟಡ ಕೆಲಸಕ್ಕಾಗಿ ಗೋವಾ, ಪುಣೆ, ಮುಂಬೈ, ಬೆಂಗಳೂರು, ಮಂಗಳೂರಿನ ಕಡೆಗೆ ಹೋಗುವವರಲ್ಲಿಯೂ ದಂಪತಿಗಳ ಸಂಖ್ಯೆ ದೊಡ್ಡದು. ತಗಡಿನ ಒಂದೇ ಶೆಡ್ಡಿನಲ್ಲಿ ವಾಸ, ಒಂದೇ ಒಲೆ. ಹಣ ಮಾತ್ರ ಸಾಮಾನ್ಯವಾಗಿ ಗಂಡನ ಕೈಗೆ ಬರುತ್ತದೆ.

ಬಾಕಿಯ ಲೆಕ್ಕ

ಮರಳುವ ಹೊತ್ತಿಗೆ ಮೊದಲು ನಡೆಯುವುದು ಲೆಕ್ಕಾಚಾರ. ಕಡಿದ ಟನ್ನುಗಳ ಕೂಲಿಯಲ್ಲಿ ಮುಂಗಡವನ್ನೂ ಖಾಡಾವನ್ನೂ ಕಳೆದು ಉಳಿದರೆ ಅದು ಮನೆಗೆ. ಕೊರತೆ ಬಿದ್ದರೆ ಆ ಬಾಕಿ ಮುಂದಿನ ಹಂಗಾಮಿಗೆ ಜಾರುತ್ತದೆ. ಹೀಗಾಗಿ ಮತ್ತೆ ಗುಳೆ ಹೋಗಬೇಕೋ ಬೇಡವೋ ಎಂಬ ನಿರ್ಧಾರ ದೀಪಾವಳಿಯಲ್ಲಿ ಆಗುವುದಲ್ಲ; ಯುಗಾದಿಯಲ್ಲಿಯೇ ಆಗಿಹೋಗಿರುತ್ತದೆ. ಸಾಲದ ಕಾರಣಕ್ಕೆ ಬಲವಂತದಿಂದ ದುಡಿಸಿಕೊಳ್ಳುವುದನ್ನು 1976ರ ಜೀತ ಪದ್ಧತಿ ನಿರ್ಮೂಲನೆ ಕಾಯ್ದೆ ಅಪರಾಧವೆಂದು ಸಾರಿದೆ. ಆದರೆ ಬಾಯಿಮಾತಿನ ಲೆಕ್ಕಕ್ಕೆ ಪುರಾವೆ ಒದಗಿಸುವುದು ಕಷ್ಟ. ಹೆಂಡತಿಯ ಹೆಸರಂತೂ ಆ ಲೆಕ್ಕದಲ್ಲಿ ಇರುವುದೇ ಇಲ್ಲ. ಅವಳ ದುಡಿಮೆ ಮಾತ್ರ ಇರುತ್ತದೆ.

ಇದರ ಪರಿಣಾಮ ಕಾನೂನಿನ ರಕ್ಷಣೆಯ ಮೇಲೂ ಆಗುತ್ತದೆ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿತ್ತು. ಅದನ್ನು ಒಳಗೊಂಡ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅರ್ಹ ವಲಸೆ ಕಾರ್ಮಿಕರಿಗೆ ಸ್ವಂತ ಊರಿಗೆ ಹೋಗಿಬರುವ ಪ್ರಯಾಣ ವೆಚ್ಚವನ್ನು ಮಾಲೀಕರು ಕೊಡಬೇಕೆಂದು ಅದು ಹೇಳುತ್ತದೆ. ಆದರೆ ವಲಸೆ ಕಾರ್ಮಿಕರಿಗೆ ಸಂಬಂಧಿಸಿದ ಈ ಭಾಗ ಅನ್ವಯಿಸುವುದು ಅಂತಹ ಹತ್ತು ಅಥವಾ ಹೆಚ್ಚು ಜನ ಇರುವಲ್ಲಿ ಮಾತ್ರ. ಐದು ಕೊಯ್ತಾ ಎಂದರೆ ಹತ್ತು ಜನ. ಪಟ್ಟಿಯಲ್ಲಿ ಗಂಡಸರ ಹೆಸರನ್ನಷ್ಟೇ ಬರೆದರೆ ಅದು ಐದಕ್ಕೆ ಇಳಿಯುತ್ತದೆ. ಹೆಂಡತಿಯ ಹೆಸರು ಬಿಟ್ಟುಹೋದರೆ ಗಂಡನ ಹಕ್ಕೂ ಕೈತಪ್ಪಬಹುದು.

ಮಾಳಿಗೆ ಮತ್ತು ಮನೆಯವರು

ಊರಿಗೆ ಬಂದ ಮೇಲೆ ಮೊದಲ ಖರ್ಚು ಮನೆಯ ಮೇಲೆ. ಈ ಭಾಗದ ಮಣ್ಣಿನ ಮಾಳಿಗೆಗಳಿಗೆ ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕಿ ಗಟ್ಟಿ ಮಾಡಬೇಕು. ಬೀಗ ಹಾಕಿದ್ದ ಮನೆಯಲ್ಲಿ ಇಲಿ, ಗೆದ್ದಲು ಸೇರಿರುತ್ತವೆ. ಮೃಗಶಿರಾ ಮಳೆಯೊಳಗೆ ಇದೆಲ್ಲ ಮುಗಿಯಬೇಕು. ಬಿತ್ತನೆಗೆ ಬೀಜ, ಗೊಬ್ಬರವೂ ಬೇಕು. ವೈಶಾಖದ ಮದುವೆಗಳೂ ಇದೇ ಸಮಯಕ್ಕೆ ಬರುತ್ತವೆ. ತಂದ ಹಣ ಮುಂಗಾರಿಗೆ ಮುನ್ನವೇ ಕರಗುತ್ತದೆ.

ದಾಂಪತ್ಯದಲ್ಲಿಯೂ ಬದಲಾವಣೆ ಎದುರಾಗುತ್ತದೆ. ಶೆಡ್ಡಿನಲ್ಲಿ ಏನು ಕೊಳ್ಳಬೇಕು, ಯಾವಾಗ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಇಬ್ಬರೇ ಮಾತಾಡಿಕೊಂಡು ತೀರ್ಮಾನಿಸಿರುತ್ತಾರೆ. ಊರಿನ ಕೂಡುಕುಟುಂಬದಲ್ಲಿ ಆ ಮಾತು ಹಿರಿಯರ ಮುಂದೆ ಹೋಗುತ್ತದೆ. ಗಂಡನ ಸರಿಸಮನಾಗಿ ಹೊರೆ ಹೊತ್ತ ಹೆಣ್ಣುಮಗಳಿಗೆ ಊರ ಹೊಲದಲ್ಲಿ ಗಂಡಾಳಿಗಿಂತ ಕಡಿಮೆ ಕೂಲಿ ನಿಗದಿಯಾಗಿರುತ್ತದೆ. ಅಜ್ಜ-ಅಜ್ಜಿಯ ಬಳಿ ಉಳಿದ ಚಿಕ್ಕ ಮಕ್ಕಳು ತಂದೆ-ತಾಯಿಯ ಹತ್ತಿರ ಬರಲು ಕೆಲವು ದಿನ ಹಿಡಿಯುವುದೂ ಉಂಟು.

ಹಂಗಾಮಿನಲ್ಲಿ ಮುಂದಕ್ಕೆ ತಳ್ಳಿದ ಕಾಯಿಲೆಗಳೂ ಊರಿಗೆ ಬಂದ ಮೇಲೆಯೇ ಹೊರಬರುತ್ತವೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಮಹಿಳೆಯರು ಹೆಚ್ಚಿನ ಸಂಖ್ಯೆಯಲ್ಲಿ ಗರ್ಭಕೋಶ ತೆಗೆಸಿಕೊಂಡಿದ್ದ ಸಂಗತಿ 2019ರಲ್ಲಿ ಬೆಳಕಿಗೆ ಬಂದು, ಅಲ್ಲಿನ ಸರ್ಕಾರ ವಿಚಾರಣಾ ಸಮಿತಿ ನೇಮಿಸಿತ್ತು. ಖಾಡಾದ ಭಯದಿಂದ ರಜೆ ಪಡೆಯಲಾಗದ ಸ್ಥಿತಿಯೂ ಆಗ ಚರ್ಚೆಗೆ ಬಂದಿತ್ತು.

ಅರ್ಧ ವರ್ಷದ ಶಾಲೆ

ಕಬ್ಬಿನ ಹಂಗಾಮು ಮುಗಿದು ಕುಟುಂಬ ಮರಳುವ ಹೊತ್ತಿಗೆ ಶಾಲಾ ವರ್ಷ ಮುಗಿಯುತ್ತ ಬಂದಿರುತ್ತದೆ. ಜೊತೆಗೆ ಹೋದ ಮಗುವಿಗೆ ವರ್ಷದ ಉತ್ತರಾರ್ಧ ತಪ್ಪಿಹೋಗಿರುತ್ತದೆ. ಗೋವಾ, ಮುಂಬೈಯಲ್ಲಿ ಬೆಳೆದ ಮಕ್ಕಳು ಮರಾಠಿ ಅಥವಾ ಹಿಂದಿ ಮಾಧ್ಯಮದಿಂದ ಬಂದಿದ್ದರೆ ಕನ್ನಡ ಓದು, ಬರಹವೇ ಹೊಸದು. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ನೀಡಬೇಕು. ಪಾಲಕರು ಇದನ್ನು ತಿಳಿದಿರುವುದು ಅಗತ್ಯ.

ಹಲವು ವರ್ಷಗಳ ನಂತರ ಬಂದರೆ

ದೀರ್ಘಕಾಲ ಹೊರಗಿದ್ದು ಮರಳಿದವರಿಗೆ ಊರಿನ ವಿಳಾಸವೇ ಬದಲಾಗಿರುತ್ತದೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. 2018ರಲ್ಲಿ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಹೊಸ ತಾಲ್ಲೂಕುಗಳಾದವು. ಗುರುತಿನ ಚೀಟಿಯಲ್ಲಿ ಹಳೆಯ ತಾಲ್ಲೂಕು, ಕಚೇರಿ ಇರುವುದು ಹೊಸ ತಾಲ್ಲೂಕಿನಲ್ಲಿ. ಹೊಲದ ಉತಾರ ತೀರಿಕೊಂಡ ತಂದೆಯ ಹೆಸರಿನಲ್ಲಿಯೇ ಉಳಿದಿದ್ದರೆ ವಾರಸಾ ಮಾಡಿಸಿಕೊಳ್ಳಬೇಕು. ಕಾಲುವೆ ನೀರು ತಲುಪಿದ ಕಡೆಗಳಲ್ಲಿ ಒಣ ಹೊಲದ ಬೆಲೆ ಏರಿ, ಅಣ್ಣತಮ್ಮಂದಿರ ನಡುವೆ ಪಾಲಿನ ಮಾತು ಬಿಗಿಯಾಗುವುದೂ ಇದೆ.

ಪಡಿತರದ ವಿಷಯದಲ್ಲಿ ಸ್ವಲ್ಪ ಅನುಕೂಲವಾಗಿದೆ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಕರ್ನಾಟಕ 2020ರ ಜನವರಿಯಲ್ಲಿ ಸೇರಿತು; 2022ರ ವೇಳೆಗೆ ಎಲ್ಲ ರಾಜ್ಯಗಳೂ ಸೇರಿದವು. ಒಂದೇ ಚೀಟಿಯ ಧಾನ್ಯದಲ್ಲಿ ಒಂದಿಷ್ಟನ್ನು ದುಡಿಯುವ ಊರಿನಲ್ಲಿ, ಉಳಿದುದನ್ನು ಹಿರಿಯರು ಸ್ವಂತ ಊರಿನಲ್ಲಿ ಪಡೆಯಬಹುದು. ಆಧಾರ್ ದೃಢೀಕರಣ ಮಾಡಿಸದೆ ಹೋದವರ ಹೆಸರು ಚೀಟಿಯಿಂದ ಕೈಬಿಡುವ ಅಪಾಯ ಇರುವುದರಿಂದ ಹೊರಡುವ ಮುನ್ನವೇ ಅದನ್ನು ಮುಗಿಸಿಕೊಳ್ಳುವುದು ಲೇಸು.

2020ರ ಅನುಭವ

ಮರಳುವಿಕೆಯತ್ತ ರಾಜ್ಯದ ಗಮನ ಹರಿದದ್ದು 2020ರಲ್ಲಿ. ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದ ನಂತರ ಮಹಾರಾಷ್ಟ್ರದಿಂದ ಬಂದವರನ್ನು ಗಡಿಯಲ್ಲಿ ತಡೆದು, ಶಾಲೆ ಮತ್ತು ವಸತಿ ನಿಲಯಗಳಲ್ಲಿ ಕ್ವಾರಂಟೈನ್‌ಗೆ ಒಳಪಡಿಸಲಾಯಿತು. ಹಣ ತಂದವರನ್ನು ಸ್ವಾಗತಿಸುತ್ತಿದ್ದ ಊರುಗಳು ಆ ವರ್ಷ ಸೋಂಕಿನ ಭಯದಿಂದ ದೂರ ನಿಂತವು. ಆಗ ಆಸರೆಯಾದುದು ಉದ್ಯೋಗ ಖಾತರಿ ಯೋಜನೆ. 2020-21ರಲ್ಲಿ ರಾಜ್ಯದಲ್ಲಿ ದಿನಗೂಲಿ 275 ರೂಪಾಯಿ ಇತ್ತು. ಅದು ಗಂಡು-ಹೆಣ್ಣಿಗೆ ಸಮಾನವಾಗಿತ್ತು.

2005ರ ಆ ಕಾಯ್ದೆ ಪ್ರತಿ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆ ನೀಡಿತ್ತು. ಅದರ ಸ್ಥಾನದಲ್ಲಿ 125 ದಿನಗಳ ಭರವಸೆಯ ಹೊಸ ಕಾಯ್ದೆಗೆ ಸಂಸತ್ತು 2025ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನಗಳವರೆಗೆ ಕೆಲಸ ನಿಲ್ಲಿಸಲು ಅದರಲ್ಲಿ ಅವಕಾಶವಿದೆ. ಯುಗಾದಿಯಿಂದ ಮುಂಗಾರಿನವರೆಗಿನ ಬಿಡುವಿನ ತಿಂಗಳುಗಳಲ್ಲಿ ಕೆಲಸ ಸಿಗುವುದೇ ಮರಳಿದ ದಂಪತಿಗೆ ಮುಖ್ಯ. ಆ ಕೂಲಿ ಕೈಗೆ ಬಂದರೆ ಮುಂದಿನ ಹಂಗಾಮಿನ ಮುಂಗಡಕ್ಕೆ ಕೈಚಾಚುವ ಅನಿವಾರ್ಯತೆ ಅಷ್ಟರಮಟ್ಟಿಗೆ ತಗ್ಗುತ್ತದೆ.

ಏನು ಮಾಡಬಹುದು?

ಹೊರಡುವಾಗಲೇ ಇಬ್ಬರ ಹೆಸರನ್ನೂ ಟೋಳಿಯ ಪಟ್ಟಿಯಲ್ಲಿ ಬರೆಸುವುದು, ಮುಂಗಡ ಹಾಗೂ ಟನ್ನುಗಳ ಲೆಕ್ಕವನ್ನು ಚೀಟಿಯಲ್ಲಿ ಪಡೆಯುವುದು, ಹೆಂಡತಿಯ ಹೆಸರಿನಲ್ಲಿ ಬೇರೆ ಬ್ಯಾಂಕ್ ಖಾತೆ ಇಡುವುದು, ಮಕ್ಕಳ ಶಾಲಾ ದಾಖಲೆ ಮತ್ತು ತಾಯಿ ಕಾರ್ಡನ್ನು ಜೊತೆಗೆ ಒಯ್ಯುವುದು ಕುಟುಂಬಗಳ ಕೈಯಲ್ಲಿರುವ ಕೆಲಸಗಳು. ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್‌ನಲ್ಲಿ ಆರಂಭವಾದ ಬಳಿಕ ಅನೇಕ ಮಹಿಳೆಯರು ಖಾತೆ ಹೊಂದಿದ್ದಾರೆ. ಟೋಳಿಯ ಕೂಲಿಯಲ್ಲಿ ಅವಳ ಪಾಲು ಆ ಖಾತೆಗೆ ಬರುವ ವ್ಯವಸ್ಥೆ ಮಾತ್ರ ಇನ್ನೂ ಆಗಬೇಕಿದೆ.

ಗ್ರಾಮ ಪಂಚಾಯಿತಿಗಳು ಹೊರಟವರ ಪಟ್ಟಿಯ ಜೊತೆಗೆ ಮರಳಿದವರ ಪಟ್ಟಿಯನ್ನೂ ಇಟ್ಟರೆ ಬೇಸಿಗೆಯ ಕೆಲಸ, ಶಾಲಾ ಪ್ರವೇಶ, ಆರೋಗ್ಯ ತಪಾಸಣೆಯನ್ನು ಮೊದಲೇ ಯೋಜಿಸಬಹುದು. ಆ ಪಟ್ಟಿಯಲ್ಲಿ ಒಂದು ಜೋಡಿಗೆ ಒಂದು ಸಾಲು ಸಾಲದು, ಎರಡು ಹೆಸರುಗಳಿರಬೇಕು.