ಗ್ಯಾಸ್ ವಾಸನೆ ಬಂತೇ? ಸ್ವಿಚ್ ಮುಟ್ಟಬೇಡಿ

ಬೆಂಗಳೂರಿನ ಎಷ್ಟೋ ಅಡುಗೆಮನೆಗಳಲ್ಲಿ ಈಗ ಸಿಲಿಂಡರ್ ಇದ್ದ ಜಾಗಕ್ಕೆ ಈರುಳ್ಳಿ ಬುಟ್ಟಿ ಬಂದಿದೆ. ದಾಭೋಳದಿಂದ ಬೆಂಗಳೂರಿಗೆ ಹಾಕಿದ ಕೊಳವೆ ಮಾರ್ಗದ ದೆಸೆಯಿಂದ ನೈಸರ್ಗಿಕ ಅನಿಲ ಒಲೆಯವರೆಗೂ ಹರಿದು ಬರುತ್ತದೆ. ಬುಕಿಂಗ್ ಇಲ್ಲ, ಸಿಲಿಂಡರ್ ಯಾವಾಗ ಬರುತ್ತದೋ ಎಂದು ಕಾಯುವುದೂ ಇಲ್ಲ. ಒಲೆ ಅದೇ, ಅಡುಗೆಯೂ ಅದೇ. ಆದರೆ ಗ್ಯಾಸ್ ಬೇರೆ, ಸೋರಿದಾಗ ಅದರ ನಡತೆಯೂ ಬೇರೆ. ಕನೆಕ್ಷನ್ ಕೊಟ್ಟ ದಿನವೇ ಮನೆಮಂದಿಗೆಲ್ಲ ಇದನ್ನು ತಿಳಿಸಿ ಹೇಳಬೇಕು.

ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದುದ್ದಕ್ಕೂ ಹರಡಿ ಕಟ್ಟೆಯ ಕೆಳಗೆ, ಮೋರಿಯ ಬಾಯಲ್ಲಿ ನಿಲ್ಲುತ್ತದೆ. ಪೈಪಿನ ಗ್ಯಾಸ್ ಬಹುಪಾಲು ಮೀಥೇನ್, ಗಾಳಿಗಿಂತ ಹಗುರ. ಅದು ಮೇಲೇರಿ ತಾರಸಿಯ ಕೆಳಗೆ, ಅಟ್ಟದ ಸಂದಿಯಲ್ಲಿ ಸೇರಿಕೊಳ್ಳುತ್ತದೆ. ಮಾಡ್ಯುಲರ್ ಕಿಚನ್ ಅಂದ ಕೆಡುತ್ತದೆಂದು ವೆಂಟಿಲೇಟರ್ ಮುಚ್ಚಿ ಕಪಾಟು ಹೊಡೆಸುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಆ ಗ್ಯಾಸ್ ಹೊರಹೋಗುವ ದಾರಿಯೇ ಅದು. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟು ಬೆರೆತಿರುವಾಗ ಒಂದು ಕಿಡಿ ಬಿದ್ದರೆ ಸಾಕು.

ಮೀಥೇನ್‌ಗೆ ಸ್ವಂತ ವಾಸನೆಯಿಲ್ಲ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಯಾರ ಮೂಗಿಗೂ ತಿಳಿಯದಂತೆ ಸೋರಿದ್ದ ಗ್ಯಾಸ್ ಸ್ಫೋಟಿಸಿ ಸುಮಾರು ಮುನ್ನೂರು ಜನ ಸತ್ತರು. ಹೆಚ್ಚಿನವರು ಮಕ್ಕಳು. ಆಮೇಲೆ ಅಲ್ಲಿ ಗ್ಯಾಸಿಗೆ ದುರ್ವಾಸನೆ ಬೆರೆಸುವುದು ಕಡ್ಡಾಯವಾಯಿತು. ಇಂದು ನಮ್ಮ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯಂಥ ನಾತ ಹಾಗೆ ಬೆರೆಸಿದ್ದೇ. ಸ್ವಲ್ಪ ಹೊತ್ತು ಅದರಲ್ಲೇ ಇದ್ದರೆ ಮೂಗು ಒಗ್ಗಿಕೊಂಡು ವಾಸನೆ ಹೋದಂತೆ ಅನಿಸುತ್ತದೆ. ಹೋಗಿರುವುದಿಲ್ಲ.

ನಸುಕಿನಲ್ಲಿ ಎದ್ದು ಅಡುಗೆಮನೆಗೆ ಕಾಲಿಡುತ್ತೀರಿ, ವಾಸನೆ ಬರುತ್ತದೆ, ಕತ್ತಲೆಯೆಂದು ಕೈ ತಾನಾಗಿ ಸ್ವಿಚ್ಚಿನತ್ತ ಹೋಗುತ್ತದೆ. ಆ ಕೈಯನ್ನು ತಡೆಯಬೇಕು. ಹಾಕುವಾಗ ಮಾತ್ರವಲ್ಲ, ಆರಿಸುವಾಗಲೂ ಸ್ವಿಚ್ಚಿನೊಳಗೆ ಕಿಡಿ ಹಾರುತ್ತದೆ. ಗ್ಯಾಸ್ ಹೊರದೂಡಲೆಂದು ಎಕ್ಸಾಸ್ಟ್ ಫ್ಯಾನ್ ಹಾಕುವುದೂ ಅಷ್ಟೇ ಅಪಾಯ. ದೇವರ ಮನೆಯ ದೀಪ ಉರಿಯುತ್ತಿದ್ದರೆ ಆರಿಸಿ. ಬಾಗಿಲು, ಕಿಟಕಿ ಪೂರಾ ತೆರೆಯಿರಿ. ಒಲೆ ಪಕ್ಕದ ವಾಲ್ವ್ ನೋಡಿ: ಹಿಡಿ ಪೈಪಿನುದ್ದಕ್ಕೆ ಇದ್ದರೆ ಗ್ಯಾಸ್ ಹರಿಯುತ್ತಿದೆ, ಅಡ್ಡಕ್ಕೆ ತಿರುಗಿಸಿದರೆ ಬಂದ್. ಸಿಲಿಂಡರ್ ಆದರೆ ರೆಗ್ಯುಲೇಟರ್ ಆಫ್ ಮಾಡಿ, ತೆಗೆದು, ದಾರಕ್ಕೆ ನೇತಾಡುವ ಸೇಫ್ಟಿ ಕ್ಯಾಪ್ ಒತ್ತಿ ಹಾಕಿ. ವಾಸನೆ ಉಸಿರುಗಟ್ಟಿಸುವಷ್ಟಿದ್ದರೆ ಇದ್ಯಾವುದಕ್ಕೂ ನಿಲ್ಲದೆ ಮಕ್ಕಳು, ಹಿರಿಯರನ್ನು ಕರೆದುಕೊಂಡು ಹೊರಬನ್ನಿ. ಲಿಫ್ಟ್ ಬೇಡ, ಕಾಲಿಂಗ್ ಬೆಲ್ ಬೇಡ. ಅಕ್ಕಪಕ್ಕದ ಮನೆಯ ಬಾಗಿಲು ಬಡಿದು ಕೂಗಿ ಎಬ್ಬಿಸಿ.

ಫೋನ್ ಮಾಡುವುದು ಹೊರಗೆ ಹೋದ ಮೇಲೆ. ಎಲ್‌ಪಿಜಿ ಸೋರಿಕೆಗೆ 1906, ಪೈಪಿನ ಗ್ಯಾಸಿಗೆ ಬಿಲ್ಲಿನ ಮೇಲಿರುವ ತುರ್ತು ಸಂಖ್ಯೆ, ಏನೂ ಹೊಳೆಯದಿದ್ದರೆ 112. ಮೆಕ್ಯಾನಿಕ್ ಬಂದು ನೋಡಿ ಸರಿಯಿದೆ ಎನ್ನುವ ತನಕ ಒಳಗೆ ಹೋಗಬೇಡಿ.

ಜೋಡಣೆ ಸಡಿಲವಾಗಿದೆಯೇ ಎಂಬ ಅನುಮಾನ ಬಂದಾಗ ಕೆಲವರು ಇನ್ನೂ ಕಡ್ಡಿ ಗೀರಿ ನೋಡುತ್ತಾರೆ! ಸೋಪಿನ ನೀರು ಹಚ್ಚಿದರೆ ಗುಳ್ಳೆಯೇ ಹೇಳುತ್ತದೆ. ವಯಸ್ಸಾದವರಿಗೆ ಮೂಗು ಮಂದವಾಗಿದ್ದರೆ ಗ್ಯಾಸ್ ಡಿಟೆಕ್ಟರ್ ಹಾಕಿಸುವುದು ಒಳ್ಳೆಯದು. ಕೊಳ್ಳುವ ಮುಂಚೆ ಯಾವ ಗ್ಯಾಸಿಗೆಂದು ಕೇಳಿ. ಎಲ್‌ಪಿಜಿಗಾದರೆ ಅದನ್ನು ನೆಲದ ಹತ್ತಿರ, ಪೈಪಿನ ಗ್ಯಾಸಿಗಾದರೆ ತಾರಸಿಯ ಹತ್ತಿರ ಹಾಕಿಸಬೇಕು.