ಒಳಗೆ ಗ್ಯಾಸು, ಹಿತ್ತಿಲಲ್ಲಿ ಹೊಗೆ

ಕನಕಪುರದ ಕಡೆಯಿಂದ ಬರುವ ಬೆಳಗಿನ ಬಸ್ಸು ಹಲಗೂರಿನಲ್ಲಿ ನಿಂತು ಮಳವಳ್ಳಿಯತ್ತ ಹೊರಡುವ ಹೊತ್ತಿಗೆ ಹೆದ್ದಾರಿಯ ಹಿಂದಿನ ಬೀದಿಗಳಲ್ಲಿ ಹೊಗೆ ಎದ್ದಿರುತ್ತದೆ. ಹೆಂಚಿನ ಸಂದಿಯಿಂದ, ಬಚ್ಚಲುಮನೆಯ ಗೂಡಿನಿಂದ ನುಸುಳುವ ಆ ಹೊಗೆಯ ವಾಸನೆ ಹಿಡಿದೇ ಯಾರ ಮನೆಯಲ್ಲಿ ಏನು ಉರಿಯುತ್ತಿದೆ ಎನ್ನಬಹುದು. ತೆಂಗಿನ ಸೋಗೆ ಭಗ್ಗನೆ ಹತ್ತಿ ಬೇಗ ಬೂದಿಯಾಗುತ್ತದೆ. ಬೆರಣಿಯ ಹೊಗೆ ನಿಧಾನ, ಗಂಟಲಿಗೆ ಕೂರುವಂಥದ್ದು. ರೇಷ್ಮೆ ಮನೆಯವರಿಗೆ ಹುಳ ಸೊಪ್ಪು ಮೇಯ್ದು ಬಿಟ್ಟ ಕಡ್ಡಿಯಿದೆ, ಒಣಗಿದರೆ ಚಟಚಟನೆ ಉರಿಯುತ್ತದೆ.

ಒಂದು ಹಿತ್ತಿಲಿಗೆ ಇಣುಕೋಣ. ಮಸಿ ಹಿಡಿದ ಹಂಡೆಯ ಮುಂದೆ ಮನೆಯವ್ವ ಕುಕ್ಕರಗಾಲಲ್ಲಿ ಕೂತು ಊದುಗೊಳವೆ ಊದುತ್ತಿದ್ದಾರೆ. ಊದಿದಾಗ ಉರಿ, ಬಿಟ್ಟಾಗ ಹೊಗೆ. ನಡುವೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು. ಒಳಗೆ ಕಲ್ಲಿನ ಕಟ್ಟೆಯ ಮೇಲೆ ಎರಡು ಬರ್ನರಿನ ಗ್ಯಾಸ್ ಒಲೆ ಫಳಫಳ ಹೊಳೆಯುತ್ತಿದೆ. ಸಿಲಿಂಡರಿಗೆ ಆಯುಧಪೂಜೆಯಂದು ಇಟ್ಟ ಕುಂಕುಮ ಇನ್ನೂ ಅಳಿಸಿಲ್ಲ. ಹಾಲು, ಕಾಫಿ, ಸ್ಕೂಲಿಗೆ ಹೋಗುವ ಮಕ್ಕಳ ಉಪ್ಪಿಟ್ಟು ಅದರ ಪಾಲು. ಸ್ನಾನದ ನೀರು, ದನದ ಹುರುಳಿ, ರಾಗಿ ಹಿಟ್ಟು ಸೌದೆಯ ಪಾಲು. ಎಸರು ಕುದ್ದು ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಕವೆಗೋಲಿಂದ ಅದುಮಿ, ಮೈಭಾರವೆಲ್ಲ ಹಾಕಿ ತೊಳಸಬೇಕು. ಎದೆಮಟ್ಟದ ಕಟ್ಟೆಯ ಮೇಲೆ ಆ ಪಟ್ಟು ಸುಲಭವಲ್ಲ.

“ಗ್ಯಾಸ್ ಅದೆ ಕಣಪ್ಪ. ಹಂಡೆ ನೀರ್ಗೂ ಅದ್ನೇ ಉರಿಸ್ಕಂಡು ಕೂತ್ರೆ ತಿಂಗ್ಳು ಬರಾಕಿಲ್ಲ.”

2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾ ಊರಿನಲ್ಲಿ ಶುರುವಾದ ಉಜ್ವಲ ಯೋಜನೆ ದೇಶದ ಹತ್ತು ಕೋಟಿಗೂ ಹೆಚ್ಚು ಮನೆಗಳಿಗೆ ಸಿಲಿಂಡರು ತಲುಪಿಸಿದೆ. ಆದರೆ ಆ ಮನೆಗಳು ತುಂಬಿಸಿಕೊಳ್ಳುವುದು ವರ್ಷಕ್ಕೆ ಸರಾಸರಿ ನಾಲ್ಕೈದು ಸಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರಕ್ಕೆ ಸುಮಾರು 80 ಮನೆಗಳಲ್ಲಿ ಶುದ್ಧ ಇಂಧನ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ 55ರಷ್ಟಿತ್ತು. ದೊಡ್ಡ ಜಿಗಿತವೇ, ಸಂಶಯವಿಲ್ಲ. ಆದರೆ ಸಮೀಕ್ಷೆಯವರು ಕೇಳುವುದು ಅಡುಗೆಗೆ ‘ಮುಖ್ಯವಾಗಿ’ ಏನು ಬಳಸುತ್ತೀರಿ ಎಂದು. ಈ ಅವ್ವ ಗ್ಯಾಸ್ ಅಂದರೆ ಹಿತ್ತಿಲ ಹಂಡೆ ಲೆಕ್ಕದಿಂದ ಹೊರಗೆ. ಹೊಗೆ ಮಾತ್ರ ಅವರ ಎದೆಯೊಳಗೆ. ಮನೆಯೊಲೆಗಳ ಹೊಗೆಗೆ ಜಗತ್ತಿನಲ್ಲಿ 2020ರ ಒಂದೇ ವರ್ಷದಲ್ಲಿ 32 ಲಕ್ಷ ಜನ ತೀರಿಕೊಂಡರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದವರು ಸೌದೆ ಉಳಿಸುವ, ಹೊಗೆಯನ್ನು ಕೊಳವೆಯಿಂದ ಸೂರಿನಾಚೆ ಕಳಿಸುವ ಒಲೆ ಮಾಡಿದ್ದರು. ಅಸ್ತ್ರ ಒಲೆ ಅಂದರೆ ಹಳಬರಿಗೆ ಈಗಲೂ ಗೊತ್ತು. ಇನ್ನು ಕರೆಂಟಿನ ಮಾತಿಗೆ ಬಂದರೆ, ಹಲಗೂರೂ ಸೇರಿದ ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ತಂತಿ ಹೋಯಿತು. ಪಕ್ಕದ ಶಿಂಷಾ ವಿದ್ಯುದಾಗಾರ 1940ರಲ್ಲಿ ತಿರುಗತೊಡಗಿತು. ತಂತಿ ಅಷ್ಟು ದೂರ ಓಡಿತು, ಹಂಡೆಯವರೆಗೆ ಬರಲಿಲ್ಲ.

ಸೌದೆ ಪುಕ್ಕಟೆ ಅನ್ನುತ್ತಾರೆ. ಕಡಿದು, ಹೊತ್ತು, ಒಣಗಿಸಿ, ಊದುವ ಕೂಲಿಯನ್ನು ಯಾರೂ ಬರೆದಿಟ್ಟಿಲ್ಲವಲ್ಲ! ಮಳೆಗಾಲದಲ್ಲಿ ಕಡ್ಡಿ ನೆನೆದರೆ ಗ್ಯಾಸು-ಸೌದೆಯ ಪಾಲಿನ ಲೆಕ್ಕವೆಲ್ಲ ತಲೆಕೆಳಗು; ಸಿಲಿಂಡರು ಬೇಗ ಹಗುರಾಗುತ್ತದೆ. ಉಜ್ವಲದ ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತದೆ, ಪೂರ್ತಿ ದುಡ್ಡು ಮೊದಲು ಕೈಯಿಂದಲೇ ಹೋಗಬೇಕು. ಬೀದಿಯಲ್ಲಿ ಗ್ಯಾಸಿನ ಟೆಂಪೋ ಹಾರ್ನ್ ಹೊಡೆದಾಗ ಮಗ ಮೊಬೈಲು ಹಿಡಿದು ಬಂದ.

“ಡೈರಿ ಬಟವಾಡೆ ಆಗ್ಲಿ ತಡಿ ಮಗ, ಆಮೇಲ್ ಬುಕ್ ಮಾಡುವಂತೆ.”