ತೊಪ್ಪೂರು ಏರಿನಲ್ಲಿ ಸೊರಗುವ ವ್ಯಾನ್

ಪ್ರಶ್ನೆ: ಸೇಲಂನಿಂದ ಧರ್ಮಪುರಿಗೆ ಬರುವಾಗ ತೊಪ್ಪೂರು ಘಾಟಿಯಲ್ಲಿ ನಮ್ಮ ಡೀಸೆಲ್ ವ್ಯಾನ್ ಎಳೆಯುವುದೇ ಇಲ್ಲ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಟರ್ಬೊ ಹೋಗಿದೆಯೇ, ಸೆನ್ಸರ್ ಕೆಟ್ಟಿದೆಯೇ?

ಉತ್ತರ: ಎರಡೂ ಚೆನ್ನಾಗಿದ್ದು, ಬರೀ ಒಂದು ಹೋಸ್ ಸೀಳಿರಬಹುದು. ತಾನು ಕೇಳಿದ ಗಾಳಿಯ ಒತ್ತಡಕ್ಕೂ ಸೆನ್ಸರ್ ತಿಳಿಸುವ ಒತ್ತಡಕ್ಕೂ ತಾಳೆಯಾಗದಿದ್ದರೆ, ಎಂಜಿನ್ ಉಳಿಸಲು ಕಂಪ್ಯೂಟರ್ ಡೀಸೆಲ್ ಕಡಿಮೆ ಮಾಡುತ್ತದೆ. ಆಫ್ ಮಾಡಿದಾಗ ಆ ತಡೆ ತಾತ್ಕಾಲಿಕವಾಗಿ ಸರಿಯುತ್ತದೆ, ಅಷ್ಟೆ. ಭಾರ ಹೊತ್ತು ಏರುವಾಗಲೇ ಟರ್ಬೊ ಪೂರ್ತಿ ದುಡಿಯಬೇಕು. ಅದಕ್ಕೇ ಸಮತಟ್ಟಿನಲ್ಲಿ ಕಾಣದ ದೋಷ ಘಾಟಿಯಲ್ಲಿ ಕಾಣುತ್ತದೆ.

ಸ್ಕ್ಯಾನರ್‌ನಲ್ಲಿ ಪಿ0299 ಎಂಬ ದೋಷದ ಕೋಡ್ ಬಂದರೆ ಒತ್ತಡ ಸಾಲದು ಎಂದರ್ಥ. ಅದನ್ನು ನೋಡಿದ ಕೂಡಲೇ ಟರ್ಬೊ ಬದಲಿಸಲು ಒಪ್ಪಬೇಡಿ, ದಯವಿಟ್ಟು. ಮೊದಲು ಇಂಟರ್‌ಕೂಲರ್ ಹೋಸ್‌ಗಳ ಸೀಳು, ಸಡಿಲ ಕ್ಲಾಂಪ್, ಟರ್ಬೊ ಆಕ್ಚುಯೇಟರ್‌ಗೆ ಹೋಗುವ ಸಣ್ಣ ಪೈಪ್ ನೋಡಿಸಿ. ಏರುವಾಗ ಕಪ್ಪು ಹೊಗೆ, ಸುಯ್ ಎಂಬ ಸದ್ದು ಇದ್ದರೆ ಸೋರಿಕೆಯ ಅನುಮಾನ ಬಲವಾಗುತ್ತದೆ.

ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಪರೀಕ್ಷೆಗೆ ನಿಮ್ಮ ಸೀಮೆಯೇ ಅನುಕೂಲ. ಎಂಜಿನ್ ಓಡಿಸದೆ ಕೀ ಮಾತ್ರ ಆನ್ ಮಾಡಿದಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು: ಸೇಲಂನಲ್ಲಿ ಸುಮಾರು 98 ಕಿಲೊಪ್ಯಾಸ್ಕಲ್, 1,500 ಮೀಟರ್ ಎತ್ತರದ ಯೇರ್ಕಾಡ್‌ನಲ್ಲಿ ಸುಮಾರು 85. ಅಂಕಿ ಬಹಳ ಬೇರೆಯಿದ್ದರೆ ಸೆನ್ಸರ್ ಅಥವಾ ಅದರ ವೈರಿಂಗ್ ನೋಡಿಸಿ. ಇಷ್ಟೆಲ್ಲ ಸರಿಯಿದ್ದ ಮೇಲೆಯೇ ಟರ್ಬೊ ಬಿಚ್ಚಿಸಿ. ಶಾಫ್ಟ್ ಹಿಂದೆಮುಂದೆ ಆಡಿದರೆ ಅಥವಾ ಬ್ಲೇಡ್ ಗೂಡಿಗೆ ಉಜ್ಜಿದ್ದರೆ ಬದಲಿಸಲೇಬೇಕು.